ಸಾವಿರ ರೂಪಾಯಿಯ ಕೋರ್ಟು: ಚೆನ್ನೈನ ಹಸಿರು ಪೀಠಕ್ಕೆ ಐದರಲ್ಲಿ ಮೂರು

ಕೆರೆಗೆ ಕಾರ್ಖಾನೆ ನೀರು ಬಿಟ್ಟಿದ್ದಾರೆ, ಕೇಸು ಹಾಕಬೇಕು ಅಂತ ಊರಿನವರು ವಕೀಲರ ಮುಂದೆ ಕೂತಾಗ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಗುತ್ತೆ? ಎಷ್ಟು ದಿನ ಹಿಡಿಯುತ್ತೆ? ಮೊದಲನೆಯದಕ್ಕೆ ಉತ್ತರ ಸಲೀಸು: ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ಎರಡನೆಯದಕ್ಕೆ ಕಾಯ್ದೆಯ ಪುಸ್ತಕ ಆರು ತಿಂಗಳು ಎನ್ನುತ್ತದೆ, ಅದೂ 'ಆದಷ್ಟು ಮಟ್ಟಿಗೆ' ಎಂಬ ಅರ್ಥದಲ್ಲಿ. ಯಾರೂ ಕೇಳದ ಮೂರನೆಯ ಪ್ರಶ್ನೆ ಒಂದಿದೆ, ಬಹಳಷ್ಟು ಕೇಸುಗಳು ಸಾಯುವುದು ಅಲ್ಲೇ: ಎಣಿಕೆ ಶುರುವಾಗುವುದು ಯಾವ ದಿನದಿಂದ?

ಈ ವಿಮರ್ಶೆ ಆ ನ್ಯಾಯಮಂಡಳಿಯ ದಕ್ಷಿಣ ಪೀಠದ ಬಗ್ಗೆ. ಹೋಟೆಲು, ಮಿಕ್ಸರು, ಮೊಬೈಲಿಗೆಲ್ಲ ನಕ್ಷತ್ರ ಕೊಡುವ ನಾವು ನ್ಯಾಯದ ಕಚೇರಿಯನ್ನು ಮಾತ್ರ ಹೊರಗಿನಿಂದ ನೋಡಿ ಕೈಮುಗಿದು ಬರುತ್ತೇವೆ. ಹಳ್ಳಿಯವರ, ಹಾಡಿಯವರ ಪರವಾಗಿ ಪರಿಸರದ ಕೇಸು ನಡೆಸುವ ವಕೀಲರಿಗೆ ಇದು ದಿನಬಳಕೆಯ ಸಾಮಾನು. ಹಾಗಾಗಿ ಸಾಮಾನಿನ ಹಾಗೇ ನೋಡೋಣ: ಯಾವ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ.

2010ರ ಕಾಯ್ದೆಯಿಂದ ಹುಟ್ಟಿದ ಈ ಮಂಡಳಿಗೆ ದೆಹಲಿಯಲ್ಲಿ ಪ್ರಧಾನ ಪೀಠ, ಭೋಪಾಲ್, ಪುಣೆ, ಕೋಲ್ಕತ್ತಾ, ಚೆನ್ನೈಗಳಲ್ಲಿ ವಲಯ ಪೀಠಗಳು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿ, ಲಕ್ಷದ್ವೀಪ ಇಷ್ಟಕ್ಕೂ ಚೆನ್ನೈ ಒಂದೇ. ಪೀಠ ಕೂರುವುದು ಮರೀನಾ ಪಕ್ಕದ ಚೇಪಾಕದಲ್ಲಿ, ಆರ್ಕಾಟ್ ನವಾಬರ ಅರಮನೆಯ ಭಾಗವಾಗಿದ್ದ ಕಲಸ್ ಮಹಲಿನಲ್ಲಿ. 2012ರಲ್ಲಿ ಬೆಂಕಿ ಬಿದ್ದು ಹಾಳಾದ ಕಟ್ಟಡವನ್ನು ರಿಪೇರಿ ಮಾಡಿ ಕೊಟ್ಟಿದ್ದಾರೆ, ಚೆಂದವಾಗಿದೆ. ಆದರೆ ಈಗ ಅಲ್ಲಿಗೆ ಹೋಗಬೇಕಾದ ಸಂದರ್ಭವೇ ಕಡಿಮೆ. ಅರ್ಜಿ ಇ-ಫೈಲಿಂಗ್‌ನಲ್ಲಿ ಹೋಗುತ್ತದೆ, ವಿಚಾರಣೆ ವಿಡಿಯೋದಲ್ಲಿ ನಡೆಯುತ್ತದೆ. ರಾಯಚೂರಿನ ರೈತ ತನ್ನ ಕೇಸು ನಡೆಯುವುದನ್ನು ಪಂಚಾಯಿತಿ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ನೋಡಬಹುದು. ಬೇರೆ ಯಾವ ದೋಷ ಇದ್ದರೂ ಇದೊಂದಕ್ಕೆ ಪೂರ್ಣ ಅಂಕ.

ಇನ್ನೊಂದು ಒಳ್ಳೆಯ ಗುಣ, ಪೀಠದಲ್ಲಿ ನ್ಯಾಯಾಂಗ ಸದಸ್ಯರ ಜೊತೆ ವಿಷಯ ತಜ್ಞ ಸದಸ್ಯರೂ ಇರುತ್ತಾರೆ. ಬಿಒಡಿ (ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಎಂದರೇನು ಎಂದು ಹತ್ತು ನಿಮಿಷ ವಿವರಿಸುವ ಕಷ್ಟ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟೂ ಇಲ್ಲ. ಸಹಜ ನ್ಯಾಯದ ನಿಯಮ ಪಾಲಿಸಿದರೆ ಸಾಕು. ಅರ್ಜಿದಾರರು ವಕೀಲರಿಲ್ಲದೆ ತಾವೇ ವಾದಿಸಬಹುದು. ಆದರೆ ಕಲಾಪ ಇಂಗ್ಲಿಷಿನಲ್ಲಿ. ಪಹಣಿ, ಮಹಜರು, ಗ್ರಾಮಸಭೆ ನಡಾವಳಿ, ಪತ್ರಿಕೆಯ ತುಣುಕು, ಕನ್ನಡದಲ್ಲಿ ಏನೇ ಕೊಟ್ಟರೂ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ನೂರು ಪುಟದ ದಾಖಲೆಗೆ ಅನುವಾದದ ಖರ್ಚೇ ಕೋರ್ಟು ಶುಲ್ಕದ ಹಲವು ಪಟ್ಟು. ಸಾವಿರ ರೂಪಾಯಿಯ ಕೋರ್ಟು ಎನ್ನುವ ಮಾತು ಇಲ್ಲಿಗೇ ಅರ್ಧ ಸುಳ್ಳಾಗುತ್ತದೆ.

ಇನ್ನರ್ಧ ಸುಳ್ಳಾಗುವುದು ಪರಿಹಾರ ಕೇಳಿದಾಗ. ಕೇಳಿದ ಮೊತ್ತದ ಶೇಕಡಾ 1 ಶುಲ್ಕ. ಬೆಳೆ ಹಾಳಾದ ಮೂವತ್ತು ಮನೆಯವರು ತಲಾ 2 ಲಕ್ಷ ಕೇಳಿದರೆ ಮೊತ್ತ 60 ಲಕ್ಷ, ಶುಲ್ಕ 60 ಸಾವಿರ. ಅದಕ್ಕೇ ಹಲವು ಅರ್ಜಿಗಳಲ್ಲಿ ಮಾಲಿನ್ಯ ನಿಲ್ಲಿಸಿ, ಕೆರೆಯನ್ನು ಮೊದಲಿನಂತೆ ಮಾಡಿಸಿ, ನಷ್ಟ ಅಂದಾಜು ಮಾಡಲು ಸಮಿತಿ ನೇಮಿಸಿ ಎಂಬ ಕೋರಿಕೆಗಳಿರುತ್ತವೆಯೇ ಹೊರತು ಅಂಕಿ ಇರುವುದಿಲ್ಲ. ಇದರ ಬೆಲೆ ಆಮೇಲೆ ಗೊತ್ತಾಗುತ್ತದೆ: ದಂಡದ ಹಣ ಸರ್ಕಾರಿ ಖಾತೆಗೆ ಹೋಗುತ್ತದೆ, ಮನೆಮನೆಯ ಲೆಕ್ಕ ಯಾರ ಕಡತದಲ್ಲೂ ಇರುವುದಿಲ್ಲ. ವೈಯಕ್ತಿಕ ನಷ್ಟ ನಿಜವಾಗಿಯೂ ಬೇಕಿದ್ದರೆ ಸರ್ವೆ ನಂಬರ್, ಎಕರೆ-ಗುಂಟೆ, ಬೆಳೆ, ಮೂರು ವರ್ಷದ ಮಾರಾಟದ ಚೀಟಿ ಇವಿಷ್ಟನ್ನು ಮೊದಲ ದಿನವೇ ಪಟ್ಟಿ ಮಾಡಿ, ಪರಿಹಾರದ ಅರ್ಜಿಗಿರುವ ಎರಡನೇ ನಮೂನೆಯಲ್ಲಿ ಅರ್ಜಿ ಹಾಕುವುದೇ ಸರಿ.

ಇನ್ನು ದಿನಗಳ ಲೆಕ್ಕ. ಇದನ್ನು ವಕೀಲರ ಕಚೇರಿಯ ಗೋಡೆಗೆ ಬರೆದು ಅಂಟಿಸಬೇಕು.

14ನೇ ಕಲಂ, ಅಂದರೆ ಮಾಲಿನ್ಯ, ಒತ್ತುವರಿ, ನಿಯಮ ಉಲ್ಲಂಘನೆಯಂಥ ವ್ಯಾಜ್ಯ: ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. 15ನೇ ಕಲಂ, ಪರಿಹಾರ ಮತ್ತು ಪುನಃಸ್ಥಾಪನೆ: 5 ವರ್ಷ, ಮೇಲೆ 60 ದಿನ. 16ನೇ ಕಲಂ, ಪರಿಸರ ಅನುಮತಿ ಅಥವಾ ಅರಣ್ಯ ಅನುಮತಿ ವಿರುದ್ಧದ ಮೇಲ್ಮನವಿ: ಆದೇಶ ತಿಳಿಸಿದ ದಿನದಿಂದ 30 ದಿನ, ಮೇಲೆ 60 ದಿನ. 91ನೇ ದಿನ ಹೋದರೆ ಎಷ್ಟೇ ಬಲವಾದ ಕೇಸಾದರೂ ಬಾಗಿಲು ಮುಚ್ಚಿದೆ. ಹಬ್ಬ, ಕಾಯಿಲೆ, ಪ್ರವಾಹ ಯಾವ ನೆಪವೂ ನಡೆಯದು. ಕಾಯ್ದೆ ಪೀಠಕ್ಕೇ ಆ ಅಧಿಕಾರ ಕೊಟ್ಟಿಲ್ಲ.

'ಮೊದಲು' ಎಂಬ ಆ ಒಂದು ಪದವೇ 14ನೇ ಕಲಂನ ಮುಳ್ಳು. ಕೊಳಕು ನೀರು ಮೂರು ವರ್ಷದಿಂದ ಹರಿಯುತ್ತಿದೆ ಎಂದು ಅರ್ಜಿಯ ಮೊದಲ ಪ್ಯಾರಾದಲ್ಲೇ ಆವೇಶದಿಂದ ಬರೆದರೆ ಎದುರುದಾರರ ವಕೀಲರಿಗೆ ಬೇರೆ ವಾದವೇ ಬೇಡ. ಬೆಂಗಳೂರಿನ ಅಗರ–ಬೆಳ್ಳಂದೂರು ಕೆರೆಗಳ ನಡುವಿನ ಕಟ್ಟಡಗಳ ಕುರಿತ ಫಾರ್ವರ್ಡ್ ಫೌಂಡೇಶನ್ ಪ್ರಕರಣದಲ್ಲಿ, ಮತ್ತೆ ಮತ್ತೆ ಹೊಸದಾಗಿ ಹುಟ್ಟುವ ಕಾರಣಕ್ಕೆ ಮತ್ತೆ ಎಣಿಕೆ ಶುರುವಾಗುತ್ತದೆ ಎಂಬ ವಾದವನ್ನು ಮಂಡಳಿ 2015ರಲ್ಲಿ ಒಪ್ಪಿತು. ಆದ್ದರಿಂದ ಅರ್ಜಿಯಲ್ಲಿ ಹಳೆಯ ಕಥೆಗಿಂತ ಕಳೆದ ಆರು ತಿಂಗಳಲ್ಲಿ ಹೊಸದಾಗಿ ಏನಾಯಿತು ಎಂಬುದು ತಾರೀಖಿನ ಸಮೇತ ಬೇಕು: ಇಂಥ ದಿನ ಮೀನು ಸತ್ತವು, ಇಂಥ ದಿನ ಹೊಸ ಪೈಪು ಹಾಕಿದರು, ಇಂಥ ದಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಬಂದು ಮಹಜರು ಮಾಡಿದರು.

ಮೇಲ್ಮನವಿಯಲ್ಲಿ ಇನ್ನೊಂದು ತೊಡಕು. ಅನುಮತಿ ಪತ್ರದ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಯುವವರಿದ್ದಾರೆ. ಮಾಹಿತಿ ಕೊಡಲು ಕಚೇರಿಗೆ 30 ದಿನದ ಅವಕಾಶ, ನಿಮಗೆ ಮೇಲ್ಮನವಿಗೂ 30 ದಿನ. ಪ್ರತಿ ಕೈಗೆ ಬರುವ ದಿನ ಗಡುವೂ ಮುಗಿದಿರುತ್ತದೆ. ಅನುಮತಿ ಪತ್ರ, ತಜ್ಞ ಸಮಿತಿಯ ನಡಾವಳಿ, ಪರಿಸರ ಪರಿಣಾಮ ವರದಿ ಇವೆಲ್ಲಕ್ಕೆ ಕೇಂದ್ರದ ಪರಿವೇಶ್ ಜಾಲತಾಣ ನೋಡಬೇಕು. ಪ್ರತಿ ಸೋಮವಾರ ನಿಮ್ಮ ಜಿಲ್ಲೆಯ ಹೆಸರು ಹಾಕಿ ಹುಡುಕಿ, ಕಂಡದ್ದನ್ನು ಅದೇ ದಿನ ಡೌನ್‌ಲೋಡ್ ಮಾಡಿ, ತೆರೆಯ ಚಿತ್ರವನ್ನೂ ತಾರೀಖು ಕಾಣುವಂತೆ ಉಳಿಸಿಕೊಳ್ಳುವುದು ವಕೀಲರ ಕಚೇರಿಯಲ್ಲಿ ಗುಮಾಸ್ತರ ಕಾಯಂ ಕೆಲಸವಾಗಬೇಕು. 2006ರ ಅಧಿಸೂಚನೆ ಮತ್ತು ಅನುಮತಿ ಪತ್ರದ ಷರತ್ತುಗಳ ಪ್ರಕಾರ ಯೋಜನೆಯವರು ಅನುಮತಿ ಸಿಕ್ಕ 7 ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು. ಪಂಚಾಯಿತಿಗೂ ಪ್ರತಿ ಬರಬೇಕು, 30 ದಿನ ಅಲ್ಲಿ ಪ್ರದರ್ಶಿಸಬೇಕು. ಇವುಗಳಲ್ಲಿ ಮೊದಲು ಪೂರ್ಣವಾದದ್ದರಿಂದಲೇ ಎಣಿಕೆ ಶುರು; ಯಾವುದೂ ನಿಯಮದಂತೆ ಆಗಿಲ್ಲ ಎಂದು ತೋರಿಸುವುದು ಆ ದಿನ ಮುಂದಕ್ಕೆ ಹೋಗಲು ಆಧಾರ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ 'ಇಂಥ ಪ್ರತಿ ನಮ್ಮ ಕಚೇರಿಗೆ ಸ್ವೀಕೃತವಾಗಿಲ್ಲ' ಎಂಬ ಒಂದು ಸಾಲಿನ ಹಿಂಬರಹ ಸಿಕ್ಕರೆ ಅದು ಬಂಗಾರ.

ಅರುಣಾಚಲದ ತವಾಂಗ್ ಜಿಲ್ಲೆಯ ಮೋನ್ಪಾ ಜನ ಕಟ್ಟಿಕೊಂಡ ಒಕ್ಕೂಟವೊಂದು ನ್ಯಾಮ್‌ಜಂಗ್ ಚೂ ನದಿಯ 780 ಮೆಗಾವಾಟ್ ಯೋಜನೆಯ ವಿರುದ್ಧ ಹೋದಾಗ ಮೊದಲು ಎದುರಾದದ್ದು ಇದೇ ದಿನದ ಜಗಳ. ಬೆಟ್ಟದ ಮೇಲಿನ ಬೌದ್ಧ ಅಲ್ಪಸಂಖ್ಯಾತರಿಗೆ ದೆಹಲಿಯ ಆದೇಶ 'ತಿಳಿದದ್ದು' ಯಾವಾಗ? ಜಾಲತಾಣ, ಪತ್ರಿಕೆ, ಪಂಚಾಯಿತಿ ಪ್ರದರ್ಶನ ಇವುಗಳಲ್ಲಿ ಒಂದಾದರೂ ನಿಯಮದಂತೆ ಪೂರ್ಣವಾಗಿ ನಡೆದಾಗಲೇ ತಿಳಿಸಿದಂತೆ ಎಂದು ಮಂಡಳಿ 2013ರಲ್ಲಿ ಹೇಳಿದ್ದರಿಂದ ಕೇಸು ಉಳಿಯಿತು. 2016ರ ಏಪ್ರಿಲ್‌ನಲ್ಲಿ ಯೋಜನೆಯ ಪರಿಸರ ಅನುಮತಿಯನ್ನೇ ಅಮಾನತಿನಲ್ಲಿಟ್ಟರು. ಕರಿಕುತ್ತಿಗೆಯ ಕೊಕ್ಕರೆ ಚಳಿಗಾಲ ಕಳೆಯುವ ಜಾಗ ಅದು. ವರದಿಯಲ್ಲಿ ಆ ಹಕ್ಕಿಯ ಅಧ್ಯಯನ ಸರಿಯಾಗಿ ಆಗಿರಲಿಲ್ಲ. ಆದರೆ ಹಕ್ಕಿಯ ಮಾತಿಗೆ ಬರಬೇಕಾದರೆ ಮೊದಲು ದಿನದ ಲೆಕ್ಕ ಗೆಲ್ಲಬೇಕಿತ್ತು.

ದಾಖಲೆ ಸಂಗ್ರಹಕ್ಕೆ ಮಾಹಿತಿ ಹಕ್ಕು ಬೇಡವೆಂದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಇ (ಕಾರ್ಖಾನೆ ಸ್ಥಾಪಿಸಲು ಒಪ್ಪಿಗೆ), ಸಿಎಫ್‌ಒ (ನಡೆಸಲು ಒಪ್ಪಿಗೆ), ಅವುಗಳ ಷರತ್ತುಗಳ ಅನುಬಂಧ, ಕಳೆದ ಮೂರು ವರ್ಷದ ನೀರಿನ ಮಾದರಿ ಫಲಿತಾಂಶ, ಕೊಟ್ಟ ನೋಟಿಸುಗಳು, ಇವಕ್ಕೆಲ್ಲ 10 ರೂಪಾಯಿಯ ಅರ್ಜಿಯೇ ದಾರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆರು ವಿಷಯ ಒಂದರಲ್ಲೇ ತುರುಕಿದರೆ 29ನೇ ದಿನ ವಾಪಸು ಬರುತ್ತದೆ. ಆರು ಅರ್ಜಿ, ಆರು ಪೋಸ್ಟಲ್ ಆರ್ಡರ್. ಜಮೀನಿನ ಗುರುತಿಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಮತ್ತು ದಿಶಾಂಕ್ ಆ್ಯಪ್ ಎರಡೂ ಬೇಕು. ಹಳ್ಳದ ಪಕ್ಕ ನಿಂತು ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಹಳೆಯ ನಕ್ಷೆಯಲ್ಲಿ ಹಳ್ಳದ ಗೆರೆ ಇದ್ದು ನೆಲದ ಮೇಲೆ ಗೋಡೆ ಇದ್ದರೆ ಆ ಎರಡು ಕಾಗದವೇ ಮಾತಾಡುತ್ತವೆ.

ನೀರಿನ ಮಾದರಿ ತೆಗೆಯುವುದರಲ್ಲಿ ಆಗುವಷ್ಟು ತಪ್ಪು ಇನ್ನೆಲ್ಲೂ ಆಗುವುದಿಲ್ಲ. ಸಾಮಾನ್ಯವಾಗಿ ಆಗುವುದು ಇದು: ಯಾರೋ ಹುಡುಗರು ಖಾಲಿ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಕಪ್ಪು ನೀರು ತುಂಬಿ, ಎರಡು ದಿನ ಬೈಕಿನ ಡಿಕ್ಕಿಯಲ್ಲಿಟ್ಟು, ಲ್ಯಾಬಿಗೆ ಕೊಡುತ್ತಾರೆ. ಸಕ್ಕರೆ ಅಂಟಿದ ಬಾಟಲಿಯಿಂದಲೇ ಬಿಒಡಿ ಏರುತ್ತದೆ, ಬಿಸಿಲಿಗೆ ಇನ್ನೇನೋ ಆಗುತ್ತದೆ, ವರದಿ ಕಸದ ಬುಟ್ಟಿಗೆ. ಮಾಡಬೇಕಾದ್ದು ಹೀಗೆ. ಎರಡು ಲೀಟರಿನ ಹೊಸ ಪ್ಲಾಸ್ಟಿಕ್ ಕ್ಯಾನು. ತೆಗೆಯುವ ನೀರಿನಲ್ಲೇ ಮೂರು ಸಲ ತೊಳೆದು, ಗಾಳಿಗುಳ್ಳೆ ಉಳಿಯದಂತೆ ಬಾಯಿಮಟ್ಟ ತುಂಬಿ ಮುಚ್ಚಬೇಕು. ಕೋಲಿಫಾರ್ಮ್ (ಕೊಳಚೆಯನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಲ್ಯಾಬೇ ಕೊಡುವ ಶುದ್ಧೀಕರಿಸಿದ ಬಾಟಲಿ, ಅದನ್ನು ಮಾತ್ರ ತೊಳೆಯಬಾರದು, ಪೂರ್ತಿ ತುಂಬಲೂಬಾರದು. ಪೈಪಿನ ಬಾಯಿಯಲ್ಲಿ ಒಂದು, ಅದಕ್ಕಿಂತ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು, ಹೀಗೆ ಮೂರು. ಮೇಲ್ಭಾಗದ್ದು ಇಲ್ಲದಿದ್ದರೆ 'ಊರಿನ ಚರಂಡಿಯ ಕೊಳೆ ಇದು' ಎಂಬ ಉತ್ತರಕ್ಕೆ ನಿಮ್ಮ ಬಳಿ ಮಾತಿಲ್ಲ. ಕ್ಯಾನಿನ ಮೇಲೆ ಅಳಿಸದ ಶಾಯಿಯಲ್ಲಿ ಜಾಗ, ತಾರೀಖು, ಗಂಟೆ, ಜಿಪಿಎಸ್ ಅಂಕಿ. ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿಟ್ಟು ಅದೇ ದಿನ, ತಪ್ಪಿದರೆ 24 ಗಂಟೆಯೊಳಗೆ, ಮಾನ್ಯತೆಯಿರುವ ಲ್ಯಾಬಿಗೆ. ಬಿಒಡಿ ಪರೀಕ್ಷೆಗೇ ಮೂರು ದಿನ, 27 ಡಿಗ್ರಿಯಲ್ಲಿ; ಶುಕ್ರವಾರ ಒಯ್ದರೆ ಲ್ಯಾಬಿನವರು ಮುಖ ಸಿಂಡರಿಸುತ್ತಾರೆ, ಸೋಮವಾರ ಅಥವಾ ಮಂಗಳವಾರವೇ ಒಳ್ಳೆಯದು. ಫಲಿತಾಂಶವನ್ನು ಹೋಲಿಸುವುದು ಕೇಂದ್ರದ ಮಿತಿಗೆ: ಹಳ್ಳ-ಕೆರೆಗೆ ಬಿಡುವ ತ್ಯಾಜ್ಯಕ್ಕೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಅಳೆಯುವ ಆಮ್ಲಜನಕದ ಬೇಡಿಕೆ) 250, ತೇಲುವ ಘನವಸ್ತು 100, ಪಿಎಚ್ 5.5ರಿಂದ 9 (ಕೆಲವು ಉದ್ಯಮಕ್ಕೆ ಬೇರೆ ಮಿತಿಗಳಿವೆ, ಸಿಎಫ್‌ಒ ಷರತ್ತು ಓದಬೇಕು).

ಇಷ್ಟೆಲ್ಲ ಮಾಡಿದರೂ ಇದು ಕಾನೂನಿನ ಕಣ್ಣಿನಲ್ಲಿ ಪೂರ್ಣ ಸಾಕ್ಷ್ಯವಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ನೋಟಿಸು ಕೊಟ್ಟು, ಅವರೆದುರು ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಿದ್ದೇ ಸಾಕ್ಷ್ಯ. ನಿಮ್ಮ ಕ್ಯಾನಿನ ಕೆಲಸ ಬೇರೆ: ಮೊದಲ ದಿನ ನೋಟಿಸು ಹೊರಡಿಸಲು ಪೀಠಕ್ಕೆ ಒಂದು ಕಾರಣ ಕೊಡುವುದು. ಅಷ್ಟಕ್ಕೆ ಅದು ಸಾಕು.

ನೋಟಿಸಿನ ಜೊತೆಗೇ ಸಾಮಾನ್ಯವಾಗಿ ಜಂಟಿ ಸಮಿತಿ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರೊಬ್ಬರು, ರಾಜ್ಯ ಮಂಡಳಿಯವರೊಬ್ಬರು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ, ಸ್ಥಳ ಪರಿಶೀಲಿಸಿ ವರದಿ ಕೊಡಲಿ ಎಂದು. ಈ ಸೇವೆಯ ಅತ್ಯಂತ ಬಲವಾದ ಮತ್ತು ಅತ್ಯಂತ ದುರ್ಬಲ ಭಾಗ ಇದೊಂದೇ. ಬಲ ಏಕೆಂದರೆ, ಹತ್ತು ಅರ್ಜಿ ಕೊಟ್ಟರೂ ಕಾಲಿಡದ ಅಧಿಕಾರಿ ಈಗ ಊರಿಗೆ ಬರಲೇಬೇಕು. ದುರ್ಬಲ ಏಕೆಂದರೆ, ಅನುಮತಿ ಕೊಟ್ಟ ಇಲಾಖೆಯೇ ತನ್ನ ಅನುಮತಿಯನ್ನು ತಾನೇ ತಪಾಸಣೆ ಮಾಡುತ್ತದೆ. ಜೋರು ಮಳೆ ಬಿದ್ದ ಮರುದಿನ, ಕಾರ್ಖಾನೆಗೆ ರಜೆಯ ದಿನ, ಗೇಟಿನಿಂದಲೇ ಒಳಹೋಗಿ ಗೇಟಿನಿಂದಲೇ ಹೊರಬಂದು ಬರೆದ ವರದಿಗಳಿಗೆ ಕೊರತೆಯಿಲ್ಲ. ಅದನ್ನು ತಡೆಯುವ ಜಾಗ ಮೊದಲ ವಿಚಾರಣೆ: ಪರಿಶೀಲನೆಯ ದಿನ ಅರ್ಜಿದಾರರಿಗೆ ಮುಂಚೆ ತಿಳಿಸಬೇಕು, ಅವರ ಸಮ್ಮುಖದಲ್ಲಿ ಮಾದರಿ ತೆಗೆಯಬೇಕು, ಇಂತಿಂಥ ಜಿಪಿಎಸ್ ಬಿಂದುಗಳಲ್ಲಿ ತೆಗೆಯಬೇಕು ಎಂಬ ಮೂರು ಸಾಲನ್ನು ಆದೇಶದಲ್ಲಿಯೇ ಬರೆಸಿಕೊಳ್ಳುವುದು. ಕೇಳಿದರೆ ಬಹುತೇಕ ಕೊಡುತ್ತಾರೆ, ಕೇಳುವುದು ಮರೆತುಹೋಗುತ್ತದೆ.

ವರದಿ ಬಂದ ಮೇಲೆ ಪ್ಯಾರಾವಾರು ಆಕ್ಷೇಪಣೆ ಹಾಕಲೇಬೇಕು. ನಿಮ್ಮ ಪರ ಬಂದ ವರದಿಯಾದರೂ ಅದನ್ನೇ ನೆಚ್ಚಿ ಕೂರುವಂತಿಲ್ಲ. ಗುಜರಾತಿನ ಕೋಳಿ ಸಮುದಾಯದ ಟ್ರಸ್ಟ್ ಒಂದರ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು, ತೀರ್ಪು ಕೊಡುವ ಕೆಲಸವನ್ನು ಮಂಡಳಿ ಸಮಿತಿಗಳಿಗೆ ವಹಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದಿತು. 2024ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಎದುರಿನವರ ಮಾತು ಕೇಳದೆ ದಂಡ ಹಾಕಿದ ಆದೇಶವನ್ನು ರದ್ದು ಮಾಡಿ ವಾಪಸು ಕಳಿಸಿತು. ಇದರಿಂದ ಕಲಿಯಬೇಕಾದ್ದು ಅರ್ಜಿದಾರರ ವಕೀಲರೇ: ಯೋಜನೆಯ ಮಾಲೀಕರನ್ನು ಪ್ರತಿವಾದಿ ಮಾಡದೆ ಬರೀ ಇಲಾಖೆಗಳನ್ನು ಸಾಲಾಗಿ ನಿಲ್ಲಿಸಿದ ಅರ್ಜಿ ಗೆದ್ದರೂ ಸೋಲುತ್ತದೆ. ಎರಡು ವರ್ಷದ ಆಮೇಲೆ ಮತ್ತೆ ಮೊದಲಿಂದ.

ಅರ್ಜಿಗಳನ್ನು ಪರಿಶೀಲಿಸಿ ತೆಗೆದುಕೊಳ್ಳುವ ಕಚೇರಿ, ಅಂದರೆ ರಿಜಿಸ್ಟ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಲಾಗದ ಜೆರಾಕ್ಸ್, ಪುಟಸಂಖ್ಯೆ ಇಲ್ಲದ ಅನುಬಂಧ, ಅನುವಾದ ಇಲ್ಲದ ಪಹಣಿ, ವಿಳಂಬ ಮನ್ನಾ ಅರ್ಜಿ ಇಲ್ಲದ ಮೇಲ್ಮನವಿ, ಈ ನಾಲ್ಕು ಸರಿಯಿದ್ದರೆ ಆಬ್ಜೆಕ್ಷನ್ ಹಾಕಲು ಅವರಿಗೂ ಹೆಚ್ಚೇನೂ ಉಳಿಯುವುದಿಲ್ಲ.

ಆದೇಶಗಳ ಗುಣಮಟ್ಟಕ್ಕೆ ಬರೋಣ. ಅಂಕಿಗಳು ದೊಡ್ಡವು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಮೇಲೆ ಮಂಡಳಿ ತಾನಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ 500 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿಡಲು ರಾಜ್ಯಕ್ಕೆ ಹೇಳಿತು; ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ. 2022ರ ಅಕ್ಟೋಬರ್‌ನಲ್ಲಿ ತ್ಯಾಜ್ಯ ನಿರ್ವಹಣೆಯ ಲೋಪಕ್ಕೆ ಕರ್ನಾಟಕಕ್ಕೆ 2,900 ಕೋಟಿ. ಓದಲು ಸೊಗಸು. ಆದರೆ ಸರ್ಕಾರ ಬಲಗಿಸೆಯಿಂದ ತೆಗೆದು ಎಡಗಿಸೆಗೆ ಹಾಕುವ ದಂಡ ಅದು. ಕೆರೆಯಂಚಿನ ಗುಡಿಸಲಿನವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಉಡುಪಿಯ ಎಲ್ಲೂರು–ನಂದಿಕೂರು ಸುತ್ತಿನ ಉಷ್ಣವಿದ್ಯುತ್ ಸ್ಥಾವರದ ವಿಷಯದಲ್ಲಿ ಖಾಸಗಿ ಕಂಪನಿಯ ಮೇಲೆಯೇ ದಕ್ಷಿಣ ಪೀಠ 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ಪರಿಸರ ಪರಿಹಾರ ಹೊರಿಸಿತು. ಮೊದಲ ಘಟಕ ವಿದ್ಯುತ್ ಕೊಡಲು ಶುರುಮಾಡಿದ್ದು 2010ರಲ್ಲಿ. ಹಾರುಬೂದಿ ಬಿದ್ದ ಮಲ್ಲಿಗೆ, ಅಡಕೆ, ಭತ್ತದ ಲೆಕ್ಕಕ್ಕೆ ಬರಲು ಹನ್ನೆರಡು ವರ್ಷ.

ಮಂಡಳಿ ತನ್ನ ಅಳತೆ ಮೀರಿದ ಉದಾಹರಣೆಯೂ ನಮ್ಮೂರಿನದೇ. 2016ರ ಮೇ 4ರಂದು ಬೆಂಗಳೂರಿನ ಕೆರೆಗೆ 75 ಮೀಟರ್, ದೊಡ್ಡ, ಮಧ್ಯಮ, ಸಣ್ಣ ರಾಜಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಮೀಸಲು ಪ್ರದೇಶ ಎಂದು ಆದೇಶಿಸಿತು. ನಗರ ಕುಣಿದಾಡಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು: ಶಾಸನದ ಅಡಿ ಆದ ನಗರದ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ತಿದ್ದುವ ಅಧಿಕಾರ ಮಂಡಳಿಗಿಲ್ಲ. ಅಳತೆ ಮತ್ತೆ ಕೆರೆಗೆ 30, ಕಾಲುವೆಗಳಿಗೆ ಮಧ್ಯದಿಂದ 50, 25, 15ಕ್ಕೆ ಬಂತು. ಕೋರಿಕೆ ಬರೆಯುವಾಗ ಇದನ್ನು ನೆನಪಿಡಬೇಕು. ನಿಯಮ ಜಾರಿ ಮಾಡಿಸಿ ಎಂದು ಕೇಳಿದರೆ ಉಳಿಯುತ್ತದೆ, ಹೊಸ ನಿಯಮ ಮಾಡಿ ಎಂದರೆ ಬೀಳುತ್ತದೆ.

ಈಗ ಎರಡು ನಕ್ಷತ್ರ ಕಡಿಮೆಯಾಗಲು ನಿಜವಾದ ಕಾರಣ. ಈ ಮಂಡಳಿ ನೋಡುವುದು ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಏಳು ಕಾನೂನುಗಳ ವ್ಯಾಪ್ತಿಯಷ್ಟನ್ನೇ: ಜಲ, ಜಲ ಸೆಸ್, ಅರಣ್ಯ ಸಂರಕ್ಷಣೆ, ವಾಯು, ಪರಿಸರ ಸಂರಕ್ಷಣೆ, ಸಾರ್ವಜನಿಕ ಹೊಣೆಗಾರಿಕೆ ವಿಮೆ, ಜೀವವೈವಿಧ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಅದರಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆಯೂ ಇಲ್ಲ. ಅಂದರೆ ಕಾಡಿನ ಮರದ ಪರ ಅಲ್ಲಿ ಮಾತಾಡಬಹುದು, ಅದೇ ಕಾಡಿನ ಜೇನುಕುರುಬರ, ಸೋಲಿಗರ ಹಕ್ಕಿನ ಪರ ನೇರವಾಗಿ ಮಾತಾಡಲಾಗದು. ಹುಲಿ ಯೋಜನೆಯಿಂದ ಎಬ್ಬಿಸುತ್ತಿದ್ದಾರೆ ಎಂದು ಚೆನ್ನೈಗೆ ಅರ್ಜಿ ಹಾಕಿದರೆ ವ್ಯಾಪ್ತಿ ಇಲ್ಲವೆಂದು ವಾಪಸು ಬರುತ್ತದೆ, ಅಷ್ಟರಲ್ಲಿ ಮನೆ ಬಿದ್ದಿರುತ್ತದೆ. ಈ ಕೇಸಿಗೆ ಹೈಕೋರ್ಟಿನ ರಿಟ್ ಸರಿಯಾದ ಬಾಗಿಲು, ಆಧಾರ ಅರಣ್ಯ ಹಕ್ಕು ಕಾಯ್ದೆಯ 4(5): ಹಕ್ಕಿನ ಮಾನ್ಯತೆ ಮತ್ತು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಅದಕ್ಕೂ ಮುಂಚಿನ ಕೆಲಸ ಕೋರ್ಟಿನದಲ್ಲ, ಹಾಡಿಯದು. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ಬಿ, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ಸಿ. ಗ್ರಾಮಸಭೆಯಲ್ಲಿ ಅರ್ಧದಷ್ಟು ಜನ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇದು ನಡಾವಳಿ ಪುಸ್ತಕದಲ್ಲಿ ಸಹಿ-ಹೆಬ್ಬೆಟ್ಟಿನ ಸಮೇತ ಕಾಣದಿದ್ದರೆ ಮುಂದಿನದೆಲ್ಲ ಅಲುಗಾಡುತ್ತದೆ. ಸಾಕ್ಷ್ಯ ಕನಿಷ್ಠ ಎರಡು ಬೇಕು; ಹಿರಿಯರ ಹೇಳಿಕೆ, ಹಳೆಯ ಬಾವಿ, ಗೋರಿ, ದೇವರ ಬನ, ವಂಶವೃಕ್ಷ ಎಲ್ಲ ನಿಯಮ 13ರಲ್ಲಿ ನಡೆಯುತ್ತದೆ. ಬುಡಕಟ್ಟಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಮಲೆನಾಡಿನ ಅರ್ಜಿಗಳು ಬೀಳುವುದು ಇಲ್ಲೇ, ಏಕೆಂದರೆ ಕಚೇರಿಗಳು 75 ವರ್ಷದ ಕಾಗದವೇ ಬೇಕು ಎನ್ನುತ್ತವೆ. ಕಾಗದ ಕೇಳುವುದು ಕಚೇರಿಯ ಅಭ್ಯಾಸ, ಕಾಯ್ದೆಯದಲ್ಲ. ತಿರಸ್ಕಾರವಾದರೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ, ಪ್ರತಿ ಹಂತಕ್ಕೂ 60 ದಿನ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ಎಬ್ಬಿಸಲು ಹೇಳಿ, 28ರಂದು ತಡೆಹಿಡಿಯಿತು. ಆ ಹದಿನೈದು ದಿನ ದೇಶದ ಹಾಡಿಗಳು ಹೇಗೆ ಕಳೆದವು ಎಂಬುದನ್ನು ನೆನೆದರೆ, ತಿರಸ್ಕಾರ ಪತ್ರವನ್ನು ಲಿಖಿತವಾಗಿ, ಕಾರಣ ಸಹಿತ ಕೇಳಿ ಪಡೆದು ಮೇಲ್ಮನವಿ ಹಾಕಿಡುವುದು ಎಷ್ಟು ತುರ್ತೆಂದು ತಿಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಮುದಾಯ ಹಕ್ಕು ಸಿಕ್ಕಿದೆ. ಆಗದ ಕೆಲಸವಲ್ಲ.

ಆದರೂ ಹಸಿರು ಪೀಠದ ಗೋಡೆಯಲ್ಲಿ ಒಂದು ಕಿಂಡಿ ಇದೆ. ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಕೊಡುವ ಆದೇಶದ ವಿರುದ್ಧ 16ನೇ ಕಲಂನಲ್ಲಿ ಮೇಲ್ಮನವಿ ಹೋಗುತ್ತದೆ. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಆ ಆದೇಶ ಆಯಿತು ಎಂಬುದೇ ಅದರ ದೋಷ ಎಂದು ವಾದಿಸಬಹುದು. ಹಿಮಾಚಲದ ಕಿನ್ನೌರಿನ ಲಿಪ್ಪಾ ಗ್ರಾಮದವರು ಕಶಂಗ್ ಜಲವಿದ್ಯುತ್ ಯೋಜನೆಯ ವಿರುದ್ಧ ಹೋದಾಗ ಮಂಡಳಿ 2016ರ ಮೇ ತಿಂಗಳಲ್ಲಿ ಯೋಜನೆಯನ್ನು ಗ್ರಾಮಸಭೆಯ ಮುಂದಿಡಲು ಹೇಳಿತು. ಅದಕ್ಕೆ ಮೂರು ವರ್ಷ ಮೊದಲು ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿ ಬೆಟ್ಟದ ಗಣಿ ಪ್ರಕರಣದಲ್ಲಿ ಹಾಕಿಕೊಟ್ಟ ದಾರಿ ಅದು, ಅಲ್ಲಿ ಹನ್ನೆರಡು ಗ್ರಾಮಸಭೆಗಳೂ ಗಣಿ ಬೇಡ ಎಂದಿದ್ದವು. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳ ನಂತರ ಹಕ್ಕುಗಳ ಇತ್ಯರ್ಥ ಕೇಂದ್ರದ ಅನುಮತಿಯ ಆಚೆಗೆ, ರಾಜ್ಯದ ಅಂತಿಮ ಆದೇಶದ ಹಂತಕ್ಕೆ ಹೋಗಿದೆ. ಹಾಗಾಗಿ ಈಗ ಕಣ್ಣಿಡಬೇಕಾದ್ದು ವಿಧಾನಸೌಧದ ಆದೇಶದ ಮೇಲೆ; 30 ದಿನ ಎಣಿಸುವುದೂ ಅಲ್ಲಿಂದ.

ದಲಿತ ಕೇರಿಯ ಬಾವಿಗೇ ಕೊಳೆ ನುಗ್ಗಿದ ಕೇಸುಗಳಲ್ಲಿ ಇನ್ನೊಂದು ದಾರಿ ಮರೆತುಹೋಗುತ್ತದೆ. ಪರಿಶಿಷ್ಟರು ಸಾಮಾನ್ಯವಾಗಿ ಬಳಸುವ ನೀರಿನ ಮೂಲವನ್ನು ಕೆಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ 3(1)ರ ಅಡಿ ಅಪರಾಧ. ಪರಿಸರದ ಅರ್ಜಿ ಚೆನ್ನೈಗೆ, ದೂರು ಠಾಣೆಗೆ, ಎರಡೂ ಒಟ್ಟಿಗೆ ನಡೆಯಬಹುದು. ಪರಿಸರದ ಕೇಸು ಜಾತಿಯ ಕೇಸೂ ಆಗಿದ್ದರೆ ಅರ್ಧ ಕೇಸನ್ನಷ್ಟೇ ನಡೆಸುವುದು ಕಕ್ಷಿದಾರರಿಗೆ ಮಾಡುವ ಅನ್ಯಾಯ.

ಹಣದ ಮಾತು: ಪರಿಶಿಷ್ಟ ಜಾತಿ-ಪಂಗಡದವರಿಗೆ, ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು 1987ರ ಕಾಯ್ದೆಯ ಹಕ್ಕು. ಸಹಾಯವಾಣಿ 15100, ಅರ್ಜಿ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಪರಿಸರದ ಕೇಸಿಗೆ ಕೊಡುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರೆ ಅದನ್ನು ಬರೆದುಕೊಡಿ ಎಂದು ಕೇಳಬೇಕು.

ಕೊನೆಗೆ, ಆದೇಶ ಸಿಕ್ಕ ಮೇಲಿನ ಸೇವೆ. ಇಲ್ಲಿ ಒಂದೇ ನಕ್ಷತ್ರ. ಮೂರು ತಿಂಗಳಲ್ಲಿ ಒತ್ತುವರಿ ತೆರವು ಎಂದು ಬರೆದಿರುತ್ತದೆ, ಪ್ರಕರಣ ವಿಲೇವಾರಿಯಾಗಿರುತ್ತದೆ, ಗಡುವು ದಾಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರು ನ್ಯಾಯಮಂಡಳಿ ಕಾಯ್ದೆಯ 25ನೇ ಕಲಂ ಪ್ರಕಾರ ಆದೇಶ ಸಿವಿಲ್ ಡಿಕ್ರಿಯಂತೆ ಜಾರಿಯಾಗುತ್ತದೆ, ಆದರೆ ತಾನಾಗಿ ಅಲ್ಲ; ಅರ್ಜಿದಾರರೇ ಜಾರಿ ಅರ್ಜಿ ಹಾಕಬೇಕು. ಎದುರುದಾರರು 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು, ಆದ್ದರಿಂದ ಆದೇಶ ಬಂದ ವಾರವೇ ಅಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿಡಬೇಕು. ಡೈರಿಯಲ್ಲಿ ಮೂರು ತಾರೀಖು ಗುರುತಿಸಿ: ಆದೇಶದ ದಿನ, ಅದರ ಗಡುವು, ಗಡುವಿನ ಮರುದಿನ. ಆ ಮರುದಿನ ಬೆಳಿಗ್ಗೆ ಒತ್ತುವರಿ ಜಾಗಕ್ಕೆ ಹೋಗಿ, ಮೊದಲ ಅರ್ಜಿಗೆ ಲಗತ್ತಿಸಿದ್ದ ಫೋಟೋ ತೆಗೆದ ಅದೇ ಬಿಂದುವಿನಲ್ಲಿ ನಿಂತು, ಅದೇ ಕೋನದಲ್ಲಿ ಇನ್ನೊಂದು ಫೋಟೋ ತೆಗೆದರೆ ಜಾರಿ ಅರ್ಜಿಯ ಮೊದಲ ಅನುಬಂಧ ಸಿದ್ಧ.